ಅರಾವಳಿ ಎಲ್ಲಿಂದ ಎಲ್ಲಿಯವರೆಗೆ?

ದಿಲ್ಲಿಯಿಂದ ಜೈಪುರದ ಹೆದ್ದಾರಿ ಹಿಡಿದು ಗುರುಗ್ರಾಮ ದಾಟಿದರೆ ಮಾನೇಸರ್. ಬಲಕ್ಕೆ ಕೈಗಾರಿಕಾ ಪಟ್ಟಣ, ಎಲ್ಲರ ಬಾಯಲ್ಲಿ ‘ಐಎಂಟಿ’. ಕಾರು, ಬೈಕು, ಅವುಗಳ ಬಿಡಿಭಾಗ ಮಾಡುವ ನೂರಾರು ಕಾರ್ಖಾನೆಗಳು ಅಲ್ಲಿವೆ. ಎಡಕ್ಕೆ ಎನ್‌ಎಸ್‌ಜಿ ಕಮಾಂಡೊಗಳ ಶಿಬಿರ, ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರ, ಅವುಗಳ ಬೆನ್ನಿಗೆ ಮುಳ್ಳುಜಾಲಿ ಕವಿದ ದಿಬ್ಬಗಳ ಸಾಲು. ಕೊಡಗನ್ನೋ ಬಾಬಾಬುಡನ್‌ಗಿರಿಯನ್ನೋ ಕಂಡು ಬಂದ ಕನ್ನಡಿಗ ಇದನ್ನು ಬೆಟ್ಟ ಎಂದು ಒಪ್ಪುವುದು ಕಷ್ಟ. ಬಯಲಿನಿಂದ ನೂರು ಮೀಟರ್ ಕೂಡ ಏಳದ ದಿಬ್ಬಗಳೇ ಇಲ್ಲಿ ಬಹಳ. ಆದರೂ ಕಳೆದ ಮೂರು ದಶಕಗಳಲ್ಲಿ ಸುಪ್ರೀಂ ಕೋರ್ಟು ಇಷ್ಟು ಸಲ ತಲೆ ಕೆಡಿಸಿಕೊಂಡ ಇನ್ನೊಂದು ಬೆಟ್ಟಸಾಲು ದೇಶದಲ್ಲಿಲ್ಲ. ಗುಜರಾತ್, ರಾಜಸ್ಥಾನ, ಹರಿಯಾಣ, ದಿಲ್ಲಿ ಹೀಗೆ ನಾಲ್ಕು ಆಡಳಿತಗಳಲ್ಲಿ ಹಾದುಹೋಗುವ, ಏಳುನೂರು ಕಿಲೋಮೀಟರಿಗೆ ತುಸು ಕಡಿಮೆ ಉದ್ದದ ಅರಾವಳಿ ಎಂದರೆ ಯಾವುದು, ಯಾವುದಲ್ಲ ಎಂಬುದೇ ಜಗಳ. ಪಟ್ಟಿಯಿಂದ ಹೊರಗುಳಿದ ದಿಬ್ಬಕ್ಕೆ ಜೆಸಿಬಿ ಹತ್ತಲು ದಾರಿ ಸಲೀಸಾಗುತ್ತದೆ. ಅದಕ್ಕೇ ಇದು ಪಂಡಿತರ ಗೋಷ್ಠಿಯಲ್ಲಿ ಮುಗಿಯುವ ಚರ್ಚೆಯಲ್ಲ.

ಕಲ್ಲನ್ನು ನೋಡಿ ಹೇಳುವವರು

ಮೊದಲು ಗಡಿ ಗೀಚಿದವರು ಭೂವಿಜ್ಞಾನಿಗಳು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ಹ್ಯಾಕೆಟ್ 19ನೇ ಶತಮಾನದ ಕೊನೆಯ ದಶಕಗಳಲ್ಲಿ ರಜಪೂತಾನಾದ ಬಂಡೆಗಳನ್ನು ವಿಂಗಡಿಸಿ, ಒಂದು ಗುಂಪಿಗೆ ಅರಾವಳಿಯ ಹೆಸರನ್ನೇ ಇಟ್ಟ. ಅದೇ ಇಲಾಖೆಯ ಎ. ಎಂ. ಹೆರಾನ್ 20ನೇ ಶತಮಾನದ ಮೊದಲರ್ಧದಲ್ಲಿ ಅದೇ ನೆಲವನ್ನು ಮತ್ತೆ ತುಳಿದು ನಕಾಶೆ ಬರೆದ. ಮಧ್ಯ ರಜಪೂತಾನಾದ ಬಗ್ಗೆ ಅವನು ಬರೆದದ್ದು 1953ರಲ್ಲಿ ಅಚ್ಚಾಯಿತು. ಇಂದಿಗೂ ಆ ಕಡೆ ಕೆಲಸ ಮಾಡುವವರು ಅವನೊಡನೆ ಒಪ್ಪಿಯೋ ಜಗಳವಾಡಿಯೋ ಮುಂದುವರಿಯಬೇಕು.

ಇಲ್ಲಿ ನಮ್ಮ ಊರಿನ ಹೆಸರೂ ಬರುತ್ತದೆ. ಬ್ರೂಸ್ ಫೂಟ್ 1880ರ ದಶಕದಲ್ಲಿ ಧಾರವಾಡದ ಸುತ್ತಲಿನ ಹಳೆಯ ಶಿಲೆಗಳಿಗೆ ‘ಧಾರವಾಡ’ ಎಂದು ಹೆಸರಿಟ್ಟ ಮೇಲೆ, ದೇಶದ ಅತಿ ಹಳೆಯ ಮಡಿಕೆಬಿದ್ದ ಶಿಲೆಗಳನ್ನೆಲ್ಲ ಅದೇ ಬುಟ್ಟಿಗೆ ಹಾಕುವ ರೂಢಿ ಬಂತು. ಡಿ. ಎನ್. ವಾಡಿಯಾ ಅವರ ಪಠ್ಯಪುಸ್ತಕ ಓದಿದ ಪೀಳಿಗೆಗೆ ಅರಾವಳಿ ಎಂದರೆ ರಾಜಸ್ಥಾನದಲ್ಲಿ ಕಾಣುವ ಧಾರವಾಡ ವ್ಯವಸ್ಥೆ. ಕಲ್ಲಿನ ವಯಸ್ಸನ್ನು ವಿಕಿರಣದಿಂದ ಅಳೆಯುವುದು ಬಂದಾಗ ಆ ನಂಟು ಕಳಚಿತು. ಧಾರವಾಡದ ಶಿಲೆಗಳಲ್ಲಿ ಬಹುಪಾಲು 250 ಕೋಟಿ ವರ್ಷಕ್ಕೂ ಹಿಂದಿನವು. ಅರಾವಳಿ ಸಮೂಹದ್ದು 200 ಕೋಟಿ ವರ್ಷದ ಆಚೀಚಿನ ಲೆಕ್ಕ. 1958ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಭಾರತೀಯ ಭೂವೈಜ್ಞಾನಿಕ ಸಂಘ 1988ರಲ್ಲಿ ಅರಾವಳಿಯ ಬಗ್ಗೆಯೇ ಒಂದು ಸಂಪುಟ ತಂದಿತು. ಬಿ. ಪಿ. ರಾಧಾಕೃಷ್ಣ ಅವರು ಸಂಘವನ್ನು ನಡೆಸುತ್ತಿದ್ದ ಕಾಲ ಅದು. ಬೆಂಗಳೂರಿನಲ್ಲಿ ಕುಳಿತು ಮೇವಾಡದ ಕಲ್ಲಿನ ಜಗಳ ಬಿಡಿಸುವ ಉತ್ಸಾಹ ಆಗ ಇತ್ತು.

ಕಲ್ಲಿನ ಕಥೆ ಸ್ಥೂಲವಾಗಿ ಹೀಗಿದೆ. ತಳದಲ್ಲಿ 330 ಕೋಟಿ ವರ್ಷದಷ್ಟು ಹಳೆಯ ಪಟ್ಟೆಪಟ್ಟೆ ನೈಸ್ ಶಿಲೆ. ಅದರ ಮೇಲೆ ಉದಯಪುರದ ಕಡೆ ಅರಾವಳಿ ಸಮೂಹ. ಜಾವರ್‌ನ ಸತು ಇದರಲ್ಲೇ ಇದೆ. ಅಲ್ಲಿ ಮಧ್ಯಯುಗದಲ್ಲೇ ಮಣ್ಣಿನ ಮೂಸೆಗಳಲ್ಲಿ ಸತುವನ್ನು ಆವಿಯಾಗಿಸಿ ಇಳಿಸುತ್ತಿದ್ದರು. ಉತ್ತರಕ್ಕೆ ಬಂದಂತೆ ಇನ್ನೂ ಎಳೆಯದಾದ ದಿಲ್ಲಿ ಸಮೂಹ. ಮಾನೇಸರ್, ಸೋಹ್ನಾ, ದಿಲ್ಲಿಯ ರಿಡ್ಜ್, ರಾಷ್ಟ್ರಪತಿ ಭವನ ಕೂತಿರುವ ರೈಸಿನಾ ಗುಡ್ಡ ಎಲ್ಲವೂ ಇದರ ಕ್ವಾರ್ಟ್‌ಝೈಟ್. ಮಾನೇಸರಿನ ದಿಬ್ಬದಲ್ಲಿ ಒಂದು ಚೂರು ಎತ್ತಿಕೊಂಡರೆ ಹೊರಗೆ ಕಬ್ಬಿಣದ ಕೆಂಪು ಕಲೆ, ಒಡೆದ ಮುಖದಲ್ಲಿ ತಿಳಿಗುಲಾಬಿ, ಗಾಜಿನಂತೆ ಚೂಪು ಅಂಚು. ಇದೇ ಕಲ್ಲು ಪುಡಿಯಾಗಿ ‘ಬದರ್‌ಪುರ್’ ಎಂಬ ಹೆಸರಿನಲ್ಲಿ ದಿಲ್ಲಿಯ ಗಾರೆಗೆ ಬಿತ್ತು. ರಾಜಧಾನಿಯ ಹಳೆಯ ಬಡಾವಣೆಗಳ ಗೋಡೆಗಳಲ್ಲಿ ಅರಾವಳಿ ಇದೆ ಎಂದರೆ ಅತಿಶಯೋಕ್ತಿಯಲ್ಲ.

ಕಲ್ಲೇ ಅಳತೆಗೋಲಾದರೆ ಮಾತ್ರ ಒಂದು ಪೇಚು ಎದುರಾಗುತ್ತದೆ. ಸಾಲಿನ ಅತಿ ಎತ್ತರದ ಶಿಖರ, 1722 ಮೀಟರಿನ ಗುರುಶಿಖರ, ನಿಂತಿರುವುದು ಅರಾವಳಿ ಸಮೂಹದ ಮೇಲೂ ಅಲ್ಲ, ದಿಲ್ಲಿ ಸಮೂಹದ ಮೇಲೂ ಅಲ್ಲ. ಅದು ಸುಮಾರು 75 ಕೋಟಿ ವರ್ಷದ ಹಿಂದೆ ಒಳಗಿನಿಂದ ಉಕ್ಕಿ ಗಟ್ಟಿಯಾದ ಗ್ರಾನೈಟ್. ಹರಿಯಾಣದ ಭಿವಾನಿ ಕಡೆಯ ತೋಶಾಮ್ ಗುಡ್ಡ ಹೆಚ್ಚುಕಡಿಮೆ ಅದೇ ಕಾಲದ ಜ್ವಾಲಾಮುಖಿ ಶಿಲೆ. ಭೂವಿಜ್ಞಾನಿ ಅದನ್ನು ಪಶ್ಚಿಮ ರಾಜಸ್ಥಾನದ ಮಾಲಾನಿ ಗುಂಪಿಗೆ ಸೇರಿಸುತ್ತಾನೆ, ಶಾಲೆಯ ಭೂಪಟ ಅದನ್ನೂ ಅರಾವಳಿಯ ಬಾಲ ಎನ್ನುತ್ತದೆ. ಕಲ್ಲು ಒಂದೇ ಸಾಕ್ಷಿ ಎಂದು ಹಟ ಹಿಡಿದರೆ ಅರಾವಳಿಯ ತಲೆಯೇ ಅರಾವಳಿಯಿಂದ ಹೊರಗಾಗುತ್ತದೆ.

ಇನ್ನು ಸಾಲು ಮುಗಿಯುವುದೆಲ್ಲಿ? ಕಣ್ಣಿಗೆ ಕಾಣುವುದು ದಿಲ್ಲಿಯ ಉತ್ತರ ರಿಡ್ಜ್‌ವರೆಗೆ, ವಿಶ್ವವಿದ್ಯಾಲಯದ ಆಸುಪಾಸಿನ ತನಕ. ಅಲ್ಲಿಂದಾಚೆ ಯಮುನೆಯ ಮೆಕ್ಕಲು ಮುಚ್ಚಿದೆ. ಆದರೆ ನೆಲದಡಿ ಅದೇ ಏಣು ಈಶಾನ್ಯಕ್ಕೆ ಸಾಗುತ್ತದೆ; ಅದನ್ನು ದಿಲ್ಲಿ–ಹರಿದ್ವಾರ ರಿಡ್ಜ್ ಎನ್ನುತ್ತಾರೆ. ಅದು ಹಿಮಾಲಯದ ಬುಡದವರೆಗೆ ಹೋಗುತ್ತದೆ, ಅಲ್ಲಿಂದ ಹಿಮಾಲಯದಡಿಗೂ ತೂರುತ್ತದೆ, ಅಲ್ಲಿನ ಭೂಕಂಪಗಳ ಹಂಚಿಕೆಯ ಮೇಲೆ ಅದರ ಕೈವಾಡವಿದೆ ಎಂಬ ವಾದ ಬಲವಾಗಿಯೇ ಇದೆ. ಹಾಗಾದರೆ ಜಗತ್ತಿನ ಹಳೆಯ ಬೆಟ್ಟಸಾಲುಗಳಲ್ಲೊಂದು ಅತಿ ಎಳೆಯ ಬೆಟ್ಟಸಾಲಿನ ಕೆಳಗೆ ಹೋಗಿ ಸೇರಿದಂತಾಯಿತು.

ಹಳೆಯ ಬೆಟ್ಟವೋ, ಮರಳಿ ಎದ್ದ ಬೆಟ್ಟವೋ

ಇಂದು ಕಾಣುವ ಏಣು ಆ ಪುರಾತನ ಪರ್ವತದ ಅಳಿದುಳಿದ ಭಾಗವೇ? ಹೆರಾನ್ ಬೇರೆ ಮಾತು ಹೇಳಿದ್ದ. ಬೆಟ್ಟದ ನೆತ್ತಿಗಳೆಲ್ಲ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುವುದನ್ನು ಗಮನಿಸಿ, ಮೂಲ ಪರ್ವತ ಸವೆದು ಬಯಲಾಗಿ, ಆ ಬಯಲು ಬಹಳ ಕಾಲದ ಮೇಲೆ ಮತ್ತೆ ಮೇಲೆದ್ದಿತು, ಮೆತ್ತನೆಯ ಶಿಲೆ ಕೊಚ್ಚಿಹೋಗಿ ಗಟ್ಟಿ ಕ್ವಾರ್ಟ್‌ಝೈಟ್ ಏಣುಗಳು ಉಳಿದವು ಎಂದ. ಎದ್ದದ್ದು ಯಾವಾಗ, ಈಗಲೂ ಏಳುತ್ತಿದೆಯೇ ಎಂಬಲ್ಲಿ ಒಮ್ಮತವಿಲ್ಲ. ಫಲಕಗಳು ಡಿಕ್ಕಿ ಹೊಡೆದು ಸಾಗರ ಮುಚ್ಚಿಹೋದ ಜಾಗ ಇದು ಎನ್ನುವವರು ಉದಯಪುರದ ದಕ್ಷಿಣಕ್ಕೆ ರಿಖಬದೇವ್ ಬಳಿಯ ಹಸಿರು ಕಲ್ಲನ್ನು ಹಳೆಯ ಸಾಗರತಳದ ಚೂರೆಂದು ತೋರಿಸುತ್ತಾರೆ. ಖಂಡದ ಒಳಗೇ ಬಿರುಕು ಬಿಟ್ಟು ಮುಚ್ಚಿದ್ದು, ಸಾಗರವೇ ಇರಲಿಲ್ಲ ಎನ್ನುವವರು ಅದನ್ನು ಒಪ್ಪುವುದಿಲ್ಲ. ಕೋರ್ಟಿನ ಜಗಳಕ್ಕೂ ಇದಕ್ಕೂ ನೇರ ಸಂಬಂಧವಿಲ್ಲದ ಕಾರಣ ಇಷ್ಟಕ್ಕೇ ಬಿಡುತ್ತೇನೆ.

ಮೀಟರ್ ಹಿಡಿದವರು

ಎತ್ತರವನ್ನೇ ಗುಣಲಕ್ಷಣವಾಗಿಸಿದ್ದು ಗಣಿಗಾರಿಕೆಯ ವಿವಾದ. 2002ರಲ್ಲಿ ಹರಿಯಾಣದ ಅರಾವಳಿಯ ಗಣಿಗಳ ಮೇಲೆ ಸುಪ್ರೀಂ ಕೋರ್ಟಿನ ಕಣ್ಣು ಬಿತ್ತು. 2004ರ ಮಾರ್ಚಿನಲ್ಲಿ ಪರಿಸರ ವಕೀಲ ಎಂ. ಸಿ. ಮೆಹ್ತಾ ಹೂಡಿದ ಪ್ರಕರಣದ ತೀರ್ಪು ಬಂತು, 2009ರ ಮೇ ತಿಂಗಳಲ್ಲಿ ಫರೀದಾಬಾದ್, ಗುಡಗಾಂವ್ (ಈಗಿನ ಗುರುಗ್ರಾಮ), ಮೇವಾತ್ ಜಿಲ್ಲೆಗಳ ಅರಾವಳಿಯಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಲಾಯಿತು. ರಾಜಸ್ಥಾನ ಈ ನಡುವೆ ತನ್ನದೊಂದು ಸೂತ್ರ ಕಂಡುಕೊಂಡಿತ್ತು: ಸುತ್ತಲಿನ ನೆಲದಿಂದ 100 ಮೀಟರ್ ಎದ್ದದ್ದು ಮಾತ್ರ ಬೆಟ್ಟ.

2010ರಲ್ಲಿ ಕೋರ್ಟು ಅದಕ್ಕೆ ತೃಪ್ತಿಪಡದೆ ಇಡೀ ಸಾಲನ್ನು ಅಳೆಯಿರಿ ಎಂದಿತು. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಆಗ ಇಳಿಜಾರಿನ ಸೂತ್ರ ಹಿಡಿದು ಕೆಲಸ ಮಾಡಿತು. ಮೂರು ಡಿಗ್ರಿಗಿಂತ ಹೆಚ್ಚು ಇಳಿಜಾರು, ಬುಡದ ಸುತ್ತ ನೂರು ಮೀಟರ್ ಅಂಚು, ಐದುನೂರು ಮೀಟರಿನೊಳಗಿನ ಗುಡ್ಡಗಳ ನಡುವಣ ಜಾಗ, ಎಲ್ಲ ಸೇರಿ ಅರಾವಳಿ. ಎತ್ತರಕ್ಕಿಂತ ಇದು ಒಳ್ಳೆಯ ಅಳತೆ, ಏಕೆಂದರೆ ಸವೆದ ಬೆಟ್ಟದ ಲಕ್ಷಣ ಇಳಿಜಾರಿನಲ್ಲಿ ಸಿಗುತ್ತದೆ, ತುದಿಯಲ್ಲಿ ಅಲ್ಲ.

2018ರ ಅಕ್ಟೋಬರಿನಲ್ಲಿ ಕೋರ್ಟಿನ ಮುಂದೆ ಬಂದ ವರದಿಯಂತೆ ರಾಜಸ್ಥಾನದಲ್ಲಿ ಮಾದರಿಗೆಂದು ಆರಿಸಿದ್ದ 128 ಗುಡ್ಡಗಳಲ್ಲಿ 31 ಕಾಣೆಯಾಗಿದ್ದವು. ಜನ ಹನುಮಂತರಾಗಿ ಹೊತ್ತೊಯ್ದರೇ ಎಂದು ನ್ಯಾಯಪೀಠ ಕೇಳಿತು. ನಮಗೆ ಇದು ಹೊಸದಲ್ಲ. ಸಂಡೂರು, ಬಳ್ಳಾರಿಯಲ್ಲಿ ಗುಡ್ಡದ ಜೊತೆಗೆ ಎರಡು ರಾಜ್ಯಗಳ ಗಡಿಗುರುತೇ ಅಳಿಸಿಹೋಗಿದ್ದನ್ನು, 2011ರ ಲೋಕಾಯುಕ್ತ ವರದಿಯನ್ನು ಕಂಡವರು ನಾವು.

ನಾಲ್ಕು ಆಡಳಿತಗಳಿಗೂ ಒಂದೇ ವ್ಯಾಖ್ಯೆ ಬೇಕೆಂದು 2024ರ ಮೇನಲ್ಲಿ ಕೋರ್ಟು ಸಮಿತಿ ಮಾಡಿಸಿತು. ಪರಿಸರ ಸಚಿವಾಲಯದ ನೇತೃತ್ವದ ಆ ಸಮಿತಿ ಮತ್ತೆ ನೂರು ಮೀಟರಿಗೇ ಬಂದು ನಿಂತಿತು. ಸ್ಥಳೀಯ ನೆಲಮಟ್ಟದಿಂದ 100 ಮೀಟರ್ ಅಥವಾ ಅದಕ್ಕಿಂತ ಎತ್ತರದ್ದು ಅರಾವಳಿ ಗುಡ್ಡ. ಅಂಥ ಎರಡು ಗುಡ್ಡಗಳು 500 ಮೀಟರಿನೊಳಗಿದ್ದರೆ ನಡುವಿನದೂ ಸೇರಿ ಅರಾವಳಿ ಸಾಲು. 2025ರ ನವೆಂಬರ್ 20ರಂದು ಸುಪ್ರೀಂ ಕೋರ್ಟು ಇದನ್ನು ಒಪ್ಪಿತು. ಸುಸ್ಥಿರ ಗಣಿಗಾರಿಕೆಯ ಯೋಜನೆ ಸಿದ್ಧವಾಗುವ ತನಕ ಹೊಸ ಗುತ್ತಿಗೆ ಕೊಡಬೇಡಿ ಎಂದೂ ಹೇಳಿತು. ಬೆನ್ನಲ್ಲೇ ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ಒಳಲೆಕ್ಕ ಪತ್ರಿಕೆಗಳಲ್ಲಿ ಹೊರಬಿತ್ತು. ರಾಜಸ್ಥಾನದ 15 ಜಿಲ್ಲೆಗಳಲ್ಲಿ 20 ಮೀಟರಿಗಿಂತ ಎತ್ತರದ 12,081 ಗುಡ್ಡಗಳಿದ್ದು, ನೂರು ಮುಟ್ಟುವುದು 1,048 ಮಾತ್ರ. ಅಂದರೆ ಶೇ. 8.7. ಉದಯಪುರ, ಜೈಪುರ, ಗುರುಗ್ರಾಮಗಳಲ್ಲಿ ಜನ ಬೀದಿಗಿಳಿದರು. ಡಿಸೆಂಬರ್ 29ರಂದು ಕೋರ್ಟು ತನ್ನ ಆದೇಶವನ್ನೇ ತಡೆಹಿಡಿದು, ಹೊಸ ತಜ್ಞ ಸಮಿತಿಯ ಮಾತೆತ್ತಿತು.

ಸರ್ಕಾರದ ವಾದವನ್ನೂ ನ್ಯಾಯವಾಗಿ ಹೇಳಬೇಕು. ಗುಡ್ಡ ಎಂದು ಒಮ್ಮೆ ಗುರುತಿಸಿದ ಮೇಲೆ ಅದರ ಬುಡ, ಇಳಿಜಾರು ಎಲ್ಲಕ್ಕೂ ರಕ್ಷಣೆಯಿದೆ. ನೂರು ಮೀಟರಿನ ಮೇಲಿನ ತುಂಡಿಗಷ್ಟೇ ಅಲ್ಲ. ಅಭಯಾರಣ್ಯ, ಹುಲಿ ಮೀಸಲು ಪ್ರದೇಶಗಳಲ್ಲಿ ಗಣಿಗಾರಿಕೆಗೆ ಹೇಗೂ ಅವಕಾಶವಿಲ್ಲ. ಒಂದು ರಾಜ್ಯದಲ್ಲಿ ಬೆಟ್ಟವಾದದ್ದು ಪಕ್ಕದ ರಾಜ್ಯದಲ್ಲಿ ಬಯಲಾಗುವ ಗೊಂದಲ ತಪ್ಪುತ್ತದೆ. ಇದೆಲ್ಲ ಸರಿ. ಆದರೆ ಸ್ಥಳೀಯ ನೆಲಮಟ್ಟ ಎಂದರೆ ಗುಡ್ಡವನ್ನು ಸುತ್ತುವರಿದ ಅತಿ ಕೆಳಗಿನ ಸಮಎತ್ತರದ ರೇಖೆ. ಅಜ್ಮೇರಿನ ಹಾಗೆ ಸುತ್ತಲ ನೆಲವೇ ಎತ್ತರದಲ್ಲಿದ್ದರೆ ಒಳ್ಳೆಯ ಬೆಟ್ಟವೂ ಗಿಡ್ಡವಾಗಿಬಿಡುತ್ತದೆ. ಮರಳು ಬಂದು ಬುಡ ತುಂಬಿದರೂ ಅಷ್ಟೇ.

ಪಹಣಿ ಹೇಳುವ ಬೆಟ್ಟ

ಮಾನೇಸರಿನಲ್ಲಿ ನಿಂತು ನೋಡುವವರಿಗೆ ಎಲ್ಲಕ್ಕಿಂತ ಕುತೂಹಲದ ಪಂಥ ಇದು, ಹೊರಗಿನವರು ಕಡಿಮೆ ಮಾತಾಡುವ ಪಂಥವೂ ಹೌದು. 1992ರ ಮೇ 7ರಂದು ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ ಅಧಿಸೂಚನೆ ಆಗಿನ ಗುಡಗಾಂವ್ ಮತ್ತು ಅಲ್ವರ್ ಜಿಲ್ಲೆಗಳ ಅರಾವಳಿಯಲ್ಲಿ ಅನುಮತಿಯಿಲ್ಲದೆ ಗಣಿಗಾರಿಕೆ, ಕಟ್ಟಡ, ಮರ ಕಡಿಯುವುದನ್ನು ನಿರ್ಬಂಧಿಸಿತು. ಅದರಲ್ಲಿ ಮೀಟರಿಲ್ಲ, ಡಿಗ್ರಿಯಿಲ್ಲ. ಮೀಸಲು ಅರಣ್ಯಗಳ ಜೊತೆಗೆ ಕಂದಾಯ ದಾಖಲೆಯಲ್ಲಿ ‘ಗೈರ್ ಮುಮ್ಕಿನ್ ಪಹಾಡ್’, ‘ಗೈರ್ ಮುಮ್ಕಿನ್ ರಾಡಾ’, ‘ಗೈರ್ ಮುಮ್ಕಿನ್ ಬೇಹಡ್’, ‘ಬಂಜಡ್ ಬೀಡ್’, ‘ರೂಂಧ್’ ಎಂದು ಬರೆದ ಜಾಗವೆಲ್ಲ ಅರಾವಳಿ. ಉಳುಮೆಗೆ ಬಾರದ ಗುಡ್ಡ, ಕೊರಕಲು, ಹುಲ್ಲುಗಾವಲು ಎಂದರ್ಥ. ನಮ್ಮ ಕಡೆಯ ‘ಖರಾಬು’, ‘ಗೋಮಾಳ’ಗಳ ಅಣ್ಣತಮ್ಮಂದಿರು. ಕಂದಾಯ ಕಟ್ಟಬೇಕಿಲ್ಲದ ಜಾಗ ಯಾವುದು ಎಂದು ನೋಡಲು ಪಟವಾರಿ, ಅಂದರೆ ಅಲ್ಲಿನ ಗ್ರಾಮ ಲೆಕ್ಕಿಗ, ಬರೆದ ಪದಗಳು ಪರಿಸರದ ಕಾನೂನಾದವು.

ಇದರ ಬಲ ಏನೆಂದರೆ ಗುಡ್ಡ ಕಣ್ಮರೆಯಾದರೂ ಪಹಣಿಯಲ್ಲಿ ಗುಡ್ಡ ಉಳಿದಿರುತ್ತದೆ. ದೌರ್ಬಲ್ಯವೂ ಅಲ್ಲೇ. ಊರೊಟ್ಟಿನ ‘ಶಾಮಲಾತ್’ ಜಮೀನು ಪಾಲಾಗಿ ಖಾಸಗಿ ಹೆಸರಿಗೆ ಬಂದಿತು; ಫಾರ್ಮ್‌ಹೌಸ್‌ಗಳು ಎದ್ದವು. ಒಂದೇ ಬೆಟ್ಟದ ಮುಂದುವರಿಕೆ ಫರೀದಾಬಾದಿನಲ್ಲಿದ್ದರೆ ಈ ಅಧಿಸೂಚನೆ ಮುಟ್ಟುವುದಿಲ್ಲ, ಏಕೆಂದರೆ ಅದು 1992ರಲ್ಲೇ ಬೇರೆ ಜಿಲ್ಲೆ. ಅಲ್ಲಿ ಆಸರೆಗೆ ಬಂದದ್ದು 1900ರ ಪಂಜಾಬ್ ಭೂ ಸಂರಕ್ಷಣಾ ಕಾಯ್ದೆ. ಮಣ್ಣು ಕೊಚ್ಚಿಹೋಗುವುದನ್ನು ತಡೆಯಲು ಬ್ರಿಟಿಷರು ಮಾಡಿದ ಕಾನೂನು ಅದು. 2019ರಲ್ಲಿ ಹರಿಯಾಣ ಇದಕ್ಕೆ ತಿದ್ದುಪಡಿ ತರಲು ಹೊರಟಾಗ ಸುಪ್ರೀಂ ಕೋರ್ಟು ಗದರಿತು; 2022ರ ಜುಲೈನಲ್ಲಿ ಈ ಕಾಯ್ದೆಯ 4ನೇ ಕಲಮಿನ ವಿಶೇಷ ಆದೇಶವಿರುವ ಜಮೀನು ಅರಣ್ಯವೇ ಎಂದು ತೀರ್ಪು ಕೊಟ್ಟಿತು.

ಬೆಟ್ಟ ಮಾಡುವ ಕೆಲಸ

ನಾಲ್ಕನೆಯ ಪಂಥ ಬೆಟ್ಟದ ಆಕಾರ ಬಿಟ್ಟು ಕೆಲಸ ನೋಡುತ್ತದೆ. ಇದರ ಪ್ರಸಿದ್ಧ ವಾದ, ಅರಾವಳಿ ಥಾರ್ ಮರುಭೂಮಿಗೆ ಅಡ್ಡಗೋಡೆ ಎಂಬುದು. ಮರುಭೂಮಿ ವರ್ಷಕ್ಕೆ ಅರ್ಧ ಮೈಲಿ ಪೂರ್ವಕ್ಕೆ ಹರಡುತ್ತಿದೆ ಎಂಬ ಮಾತು 1950ರ ದಶಕದ ಆರಂಭದಲ್ಲೇ ಓಡಾಡುತ್ತಿತ್ತು, 1952ರಲ್ಲಿ ದಿಲ್ಲಿಯಲ್ಲಿ ರಜಪೂತಾನಾ ಮರುಭೂಮಿಯ ಬಗ್ಗೆ ವಿಚಾರ ಸಂಕಿರಣವೂ ನಡೆಯಿತು. ಜೋಧಪುರದ ಒಣಪ್ರದೇಶ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಆ ಲೆಕ್ಕವನ್ನು ಆಮೇಲೆ ಒಪ್ಪಲಿಲ್ಲ. ಮರಳಿನ ಕಣಗಳ ಕಾಲನಿರ್ಣಯ ಮಾಡಿದಾಗ ಅನೇಕ ದಿಣ್ಣೆಗಳು ಸಾವಿರಾರು ವರ್ಷ ಹಳೆಯವೆಂದು ಕಂಡಿತು. ಅರಾವಳಿಯ ಪೂರ್ವಕ್ಕೂ ಹಳೆಯ ಮರಳುದಿಣ್ಣೆಗಳಿವೆ. ಗೋಡೆ ಇದ್ದೂ ಮರಳು ದಾಟಿದ ಕಾಲವಿತ್ತು ಎಂದಾಯಿತು.

ಹಾಗೆಂದು ಗೋಡೆಯ ಮಾತು ಸುಳ್ಳಲ್ಲ. ಮರಳು ಬೇರೆ, ಧೂಳು ಬೇರೆ. ಮರಳಿನ ಕಣ ಗಾಳಿಗೆ ನೆಗೆನೆಗೆದು ಸಾಗುತ್ತದೆ, ಬಹುಪಾಲು ಒಂದೆರಡು ಮೀಟರ್ ಎತ್ತರದೊಳಗೇ. ಅದಕ್ಕೆ ಮೂವತ್ತು ಮೀಟರಿನ ದಿಬ್ಬ, ಅದರ ಮೇಲಿನ ಪೊದೆ ಸಾಕಷ್ಟು ತಡೆ. ಸಣ್ಣ ಧೂಳು ಕಿಲೋಮೀಟರುಗಟ್ಟಲೆ ಮೇಲೇರುತ್ತದೆ. ದಿಲ್ಲಿಯ ಮೇ ತಿಂಗಳ ‘ಆಂಧಿ’ಯನ್ನು ನೂರು ಮೀಟರಿನ ಗುಡ್ಡವೂ ತಡೆಯದು, ಇನ್ನೂರರದ್ದೂ ತಡೆಯದು. ಪರಿಸರವಾದಿಗಳ ಭಾಷಣಗಳಲ್ಲಿ ಇವೆರಡೂ ಬೆರೆತುಹೋಗುತ್ತವೆ. ಬಿಡಿಸಿ ನೋಡಿದರೆ ನೂರು ಮೀಟರಿನ ಗೆರೆಗೆ ಅರ್ಥವೇ ಉಳಿಯುವುದಿಲ್ಲ. ಬೆಟ್ಟ ತಡೆಯಬಲ್ಲ ಮರಳಿಗೆ ಗಿಡ್ಡ ದಿಬ್ಬ ಸಾಕು, ತಡೆಯಲಾರದ ಧೂಳಿಗೆ ಎತ್ತರದ ಬೆಟ್ಟವೂ ಸಾಲದು.

ನೀರಿನ ವಾದ ಇದಕ್ಕಿಂತ ಗಟ್ಟಿ. ಈ ಸಾಲು ಜಲವಿಭಜಕ. ಪಶ್ಚಿಮದ ಲೂಣಿ ಕಛ್‌ನ ರಣ್ ಸೇರುತ್ತದೆ, ಪೂರ್ವದ ಬನಾಸ್ ಚಂಬಲ್ ಮೂಲಕ ಯಮುನೆಗೆ. ಜೈಪುರದ ಕಡೆ ಹುಟ್ಟುವ ಸಾಹಿಬಿ ಹರಿಯಾಣ ದಾಟಿ ದಿಲ್ಲಿಯಲ್ಲಿ ನಜಫ್‌ಗಢ ಚರಂಡಿಯಾಗಿದೆ. ಬಿರುಕುಬಿಟ್ಟ ಕ್ವಾರ್ಟ್‌ಝೈಟ್ ಮಳೆನೀರನ್ನು ಒಳಗೆ ಬಿಡುತ್ತದೆ, ಬುಡದ ಮರಳುಮಣ್ಣು ಹಿಡಿದಿಡುತ್ತದೆ. ಅಲ್ವರಿನಲ್ಲಿ ರಾಜೇಂದ್ರ ಸಿಂಗ್ ಮತ್ತು ತರುಣ ಭಾರತ ಸಂಘ 1980ರ ದಶಕದಿಂದ ‘ಜೋಹಡ್’ ಎಂಬ ಮಣ್ಣಿನ ಒಡ್ಡುಗಳನ್ನು ಕಟ್ಟಿ ಅರ್ವರಿ ನದಿಯನ್ನು ಮತ್ತೆ ಹರಿಸಿದ್ದು ಈ ಬುಡದ ಗುಣದಿಂದಲೇ. ಗುರುಗ್ರಾಮದಲ್ಲೂ ಬ್ರಿಟಿಷರ ಕಾಲದ ಘಾಟಾ, ಝಾಡ್ಸಾ ಒಡ್ಡುಗಳು ಗುಡ್ಡದ ನೀರನ್ನು ಹಿಡಿಯುತ್ತಿದ್ದವು. ಆ ಜಾಗದಲ್ಲಿ ಬಡಾವಣೆ ಬಂದಿದೆ. ಜುಲೈ ಮಳೆಗೆ ನರಸಿಂಗಪುರದ ಬಳಿ ಹೆದ್ದಾರಿ ಮುಳುಗಿ ಮಾನೇಸರಿನ ಪಾಳಿ ಬಸ್ಸುಗಳು ನಿಂತಲ್ಲೇ ನಿಲ್ಲುತ್ತವೆ.

ವನ್ಯಜೀವಿಗಳ ಲೆಕ್ಕ ಮತ್ತೊಂದು. 2017ರ ಅಕ್ಟೋಬರಿನಲ್ಲಿ ಮಾರುತಿ ಸುಜುಕಿಯ ಮಾನೇಸರ್ ಕಾರ್ಖಾನೆಯ ಎಂಜಿನ್ ವಿಭಾಗಕ್ಕೆ ಚಿರತೆಯೊಂದು ನುಗ್ಗಿ, ಒಂದೂವರೆ ದಿನ ಎಲ್ಲರನ್ನೂ ಹೊರಗಿಟ್ಟು, ಕೊನೆಗೆ ಅರಿವಳಿಕೆಗೆ ಸಿಕ್ಕಿತು. ದಿಲ್ಲಿಯ ಅಸೋಲಾ ಅಭಯಾರಣ್ಯದಿಂದ ಅಲ್ವರಿನ ಸರಿಸ್ಕಾವರೆಗಿನ ಓಡಾಟಕ್ಕೆ ಅದಕ್ಕೆ ಬೇಕಾದದ್ದು ಶಿಖರವಲ್ಲ, ಕಡಿಯದ ಪೊದೆಸಾಲು. ಆ ಪೊದೆಯೂ ಬಹುಪಾಲು ನಾವು ಬಳ್ಳಾರಿ ಜಾಲಿ ಎನ್ನುವ ‘ವಿಲಾಯತಿ ಕೀಕರ್’. ಇಲ್ಲಿನ ಮೂಲದ ‘ಧೌ’ ಮರ ಒಟ್ಟಾಗಿ ಉಳಿದದ್ದು ಮಾಂಗರ್ ಬನಿಯಂಥ ದೇವರಕಾಡಿನಲ್ಲಿ. 2023ರಲ್ಲಿ ಮಾನೇಸರಿಗೆ ದೂರವಲ್ಲದ ಟಿಕ್ಲಿ ಗ್ರಾಮದಲ್ಲೇ ‘ಅರಾವಳಿ ಹಸಿರು ಗೋಡೆ’ ಯೋಜನೆಗೆ ಚಾಲನೆ ಸಿಕ್ಕಿತು. ಸಾಲಿನ ಸುತ್ತ ಐದು ಕಿಲೋಮೀಟರ್ ಅಗಲದ ಹಸಿರು ಪಟ್ಟಿ ಅದರ ಗುರಿ. ಗಿಡ ನೆಡುವಾಗ ಇಷ್ಟು ಅಗಲವಾಗುವ ಅರಾವಳಿ ಗಣಿಯ ಕಡತದಲ್ಲಿ ಯಾಕೆ ಕುಗ್ಗುತ್ತದೆ ಎಂದು ಯಾರಾದರೂ ಕೇಳಬೇಕು.

ಬೇರೆಯವರು ಗೆರೆ ಎಳೆದ ಬಗೆ

ಎಂಟು ದೇಶಗಳಲ್ಲಿ ಹರಡಿರುವ ಆಲ್ಪ್ಸ್‌ಗೆ 1991ರಲ್ಲಿ ಸಹಿಯಾದ ಒಪ್ಪಂದ ಎತ್ತರದ ಗೊಡವೆಗೇ ಹೋಗಲಿಲ್ಲ. ಯಾವ ಯಾವ ಆಡಳಿತ ಘಟಕ ಆಲ್ಪ್ಸ್‌ನೊಳಗೆ ಎಂದು ಹೆಸರು ಪಟ್ಟಿ ಮಾಡಿತು. ಏಳು ದೇಶಗಳ ಕಾರ್ಪೇಥಿಯನ್ ಒಪ್ಪಂದ 2003ರಲ್ಲಿ ವ್ಯಾಪ್ತಿಯನ್ನು ಆಮೇಲೆ ನೋಡೋಣ ಎಂದು ಬಿಟ್ಟಿತು. ಚರ್ಚೆ ಎಳೆಯುತ್ತಲೇ ಹೋಯಿತು. ನಮ್ಮ ಪಶ್ಚಿಮ ಘಟ್ಟದ ಪಾಡೂ ಗೊತ್ತೇ ಇದೆ. ಗಾಡ್ಗೀಳ್ ಸಮಿತಿ 1,29,037 ಚದರ ಕಿ.ಮೀ. ಎಂದರೆ ಕಸ್ತೂರಿರಂಗನ್ ಸಮಿತಿ 1,64,280 ಎಂದಿತು, ಅದರಲ್ಲಿ ಶೇ. 37ರಷ್ಟನ್ನು ಮಾತ್ರ ಪರಿಸರ ಸೂಕ್ಷ್ಮ ಎಂದಿತು. ಕರ್ನಾಟಕದ ಪಾಲಿಗೆ 20,668 ಚದರ ಕಿ.ಮೀ. ಬಂತು, 2024ರಲ್ಲಿ ರಾಜ್ಯ ಸಚಿವ ಸಂಪುಟ ಅದನ್ನೂ ತಳ್ಳಿಹಾಕಿತು. ಅಲ್ಲಿ ಊರುಗಳ ಹೆಸರಿನ ಪಟ್ಟಿ ಮಾಡಿದ್ದೇ ಕೋಪಕ್ಕೆ ಕಾರಣವಾಯಿತು. ಆಲ್ಪ್ಸ್‌ನಲ್ಲಿ ಕೆಲಸ ಮಾಡಿದ ಮದ್ದು ಸಕಲೇಶಪುರದಲ್ಲಿ ಮಾಡಲಿಲ್ಲ.

ಇತ್ಯರ್ಥವಾಗದ್ದು

ತೋಶಾಮ್, ಮಹೇಂದ್ರಗಢದ ಒಂಟಿ ಗುಡ್ಡಗಳು ಸಾಲಿನೊಳಗೋ ಹೊರಗೋ ಎಂಬುದಕ್ಕೆ ಕಲ್ಲು ಒಂದು ಉತ್ತರ, ಭೂಪಟ ಇನ್ನೊಂದು ಉತ್ತರ ಕೊಡುತ್ತದೆ. ಸ್ಥಳೀಯ ನೆಲಮಟ್ಟವನ್ನು ಎಲ್ಲಿಂದ ಎಣಿಸಬೇಕೆಂಬುದು ತೆರೆದೇ ಇದೆ. ಗಿಡ್ಡ ದಿಬ್ಬಗಳು ಎಷ್ಟು ನೀರಿಳಿಸುತ್ತವೆ, ಎಷ್ಟು ಮರಳು ತಡೆಯುತ್ತವೆ ಎಂದು ದಿಬ್ಬದ ಮಟ್ಟದಲ್ಲಿ ಅಳೆದ ಲೆಕ್ಕ ಕೋರ್ಟಿನ ಚರ್ಚೆಯಲ್ಲಿ ಮೀಟರಿನಷ್ಟು ತೂಕ ಪಡೆದಿಲ್ಲ. ಆಗಲೇ ಮಾಯವಾದ ಗುಡ್ಡದ ಜಾಗ ಅರಾವಳಿಯೇ ಅಲ್ಲವೇ ಎಂಬ ಪ್ರಶ್ನೆಗೆ ಮೀಟರ್ ಹಿಡಿದವರ ಬಳಿ ಉತ್ತರವೇ ಇಲ್ಲ. ಪಹಣಿ ಹಿಡಿದವರ ಬಳಿ ಇದೆ.

ನನ್ನ ಮಟ್ಟಿಗೆ ಈ ಪಂಥಗಳಲ್ಲಿ ಅತಿ ಬಡವಾದದ್ದು ಎತ್ತರ. ಕೋಟ್ಯಂತರ ವರ್ಷ ಸವೆದ ಬೆಟ್ಟವನ್ನು ಸವೆದದ್ದಕ್ಕೇ ಪಟ್ಟಿಯಿಂದ ಕೈಬಿಡುವ ಸೂತ್ರ ಅದು. ಕಂದಾಯ ದಾಖಲೆಯನ್ನು ತಳಪಾಯ ಮಾಡಿಕೊಂಡು, ಮೇಲೆ ಇಳಿಜಾರು ಮತ್ತು ನೀರಿನ ನಕಾಶೆ ಹೊಂದಿಸುವುದು ಉಳಿದವುಗಳಿಗಿಂತ ವಾಸಿ. ಹೊಸ ಸಮಿತಿ ಏನೇ ಹೇಳಲಿ, ಮಾನೇಸರಿನ ಗಿಡ್ಡ ದಿಬ್ಬಗಳಿಗೆ ಸದ್ಯ ಇರುವ ಗಟ್ಟಿ ಆಸರೆ ಎರಡೇ: 1900ರ ಒಂದು ಮಣ್ಣಿನ ಕಾಯ್ದೆ, 1992ರ ಅಧಿಸೂಚನೆಯಲ್ಲಿರುವ ಪಟವಾರಿಯ ಐದು ಪದಗಳು.